ಉಸಿರಾಡುವ ಜಾಗಕ್ಕೆ ವಿಭೂತಿ

ನಮ್ಮನೆಯ ಲ್ಯಾಪ್‌ಟಾಪು ಐದು ನಿಮಿಷ ಓಡುತ್ತಿತ್ತು. ಆಮೇಲೆ ತಳವೆಲ್ಲ ಕಾದು ರೊಟ್ಟಿ ಹಂಚಿನಂತಾಗಿ, ತಾನಾಗಿಯೇ ಆರಿಹೋಗುತ್ತಿತ್ತು. ಆ ಐದರಲ್ಲಿ ನಾಲ್ಕು ನಿಮಿಷ ಅದು ಎದ್ದು ಕೂರುವುದಕ್ಕೇ ಬೇಕು. ಬೇರೆ ಯಾವುದಾದರೂ ಆಗಿದ್ದರೆ ಎಂದೋ ಗುಜರಿಗೆ ಹಾಕುತ್ತಿದ್ದೆ. ಆದರೆ ಅದರೊಳಗೆ ನನ್ನ ಹೆಂಡತಿಯ ದನಿ ಇತ್ತು. ಆಕೆ ತೀರಿಹೋಗಿ ಎರಡು ವರ್ಷ. ಆಕೆಯ ಮಾತು ಇನ್ನೆಲ್ಲೂ ಉಳಿದಿರಲಿಲ್ಲ.

ಯಾಕೆ ಉಳಿದಿರಲಿಲ್ಲ ಅಂದರೆ, ಅದು ನನ್ನ ಸಿಟ್ಟಿನ ಪ್ರತಾಪ. ಶಿವಗಣಾರಾಧನೆ ಮುಗಿದ ವಾರವೂ ಆಕೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ವಿಷಯ ಗೊತ್ತಿಲ್ಲದವರು "ಟೀಚರ್ ಅದಾರೇನ್ರಿ?" ಅನ್ನುವರು. ಎಷ್ಟು ಸಲ ಅಂತ ಹೇಳುವುದು? ತಲೆಕೆಟ್ಟು ಒಂದು ದಿನ ಒಯ್ದು ಮೊಬೈಲ್ ಅಂಗಡಿಗೆ ಕೊಟ್ಟು ಬಂದುಬಿಟ್ಟೆ. ಅದರಲ್ಲಿ ಏನೇನಿತ್ತು ಎಂದು ಹೊಳೆದು ಓಡಿಹೋಗುವಷ್ಟರಲ್ಲಿ ಎಲ್ಲ ಅಳಿಸಿ ಯಾರಿಗೋ ಮಾರಿದ್ದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಲ್ಯಾಪ್‌ಟಾಪಿನಲ್ಲಿದ್ದದ್ದು ಪಾಠಗಳು. ಆಕೆ ಜಗಳೂರು ಕಡೆಯವಳು, ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಎಂಟನೇ ಕ್ಲಾಸಿನ ಮಕ್ಕಳಿಗೆ ಅಡುಗೆಮನೆಯ ಪಕ್ಕದ ಗೋಡೆಯ ಮುಂದೆ ಕೂತು ಪಾಠ ಹೇಳಿ, ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಶುರು ಮಾಡುವ ಮೊದಲು ನನ್ನನ್ನು ಹೊರಗೆ ಅಟ್ಟುತ್ತಿದ್ದಳು. "ನೀವು ಕೆಮ್ಮಿದ್ರೂ ಪಾಠ ಕೆಡ್ತೈತೆ. ಹೋಗ್ರಿ, ಕಟ್ಟೆ ಮ್ಯಾಲೆ ಕೂತ್ಕಳ್ರಿ." ನಾನು ಗೊಣಗುತ್ತ ಕಟ್ಟೆಯ ಮೇಲೆ ಕೂರುತ್ತಿದ್ದೆ. ಹಾಗಾಗಿ ಆಕೆಯ ಒಂದು ಪಾಠವನ್ನೂ ನಾನು ಕೇಳಿದವನಲ್ಲ.

ಹೊನ್ನಾಳಿಯ ಒಂದು ಅಂಗಡಿಗೆ ಲ್ಯಾಪ್‌ಟಾಪು ಒಯ್ದೆ. ಆತ ತಿರುವಿ ಮುರುವಿ ನೋಡಿ, "ಇದ್ರ ಆಯಸ್ಸು ಮುಗಿದೈತೆ ಅಣ್ಣ. ಇಲ್ಲೇ ಬಿಟ್ಟೋಗ್ರಿ, ಎಲ್ಲಾ ಅಳಿಸಿ ಒಂದ್ಸಲ ನೋಡಾನ" ಅಂದ. ಅಳಿಸಿ ಅಂದದ್ದೇ ತಡ, "ನಿಮ್ಮಪ್ಪನ ಆಸ್ತಿಯೇನ್ರಿ ಅಳಿಸಾಕೆ?" ಎಂದು ಅಬ್ಬರಿಸಿ, ಕಿತ್ತುಕೊಂಡು ಬಸ್ ಹತ್ತಿದೆ. ಪಾಪ, ಆತನಿಗೇನು ಗೊತ್ತು.

ನಾನೂ ರಿಪೇರಿಯವನೇ. ನ್ಯಾಮತಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವುದು ನನ್ನ ಕಸುಬು. ಹತ್ತು ಎಚ್‌ಪಿ ಮೋಟಾರು ಬಿಚ್ಚಿ ಕಟ್ಟುವವನಿಗೆ ಇದ್ಯಾವ ಲೆಕ್ಕ ಎಂದು ಭಾನುವಾರ ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ಚಾಪೆ ಹಾಸಿ ಕೂತೆ. ಫೋನಿನಲ್ಲಿ ಯಾರೋ ಹಿಂದಿಯಲ್ಲಿ ಹೇಳಿಕೊಡುತ್ತಿದ್ದ ವಿಡಿಯೋ ಹಾಕಿಕೊಂಡೆ. ಆತನ ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ಬಿಚ್ಚಿದ ಸ್ಕ್ರೂಗಳು ಕಲಸಿಹೋಗಬಾರದೆಂದು ಇಡ್ಲಿ ತಟ್ಟೆ ತಂದಿಟ್ಟುಕೊಂಡು ಒಂದೊಂದು ಕುಳಿಗೆ ಒಂದೊಂದು ಸಾಲಿನವು ಹಾಕಿದೆ. ಸಾಸಿವೆಯಷ್ಟು ಸ್ಕ್ರೂಗೆ ಮೋಟಾರಿನ ಬಲ ಹಾಕಿ ಒಂದರ ತಲೆ ಸವೆಸಿದ್ದೂ ಆಯಿತು. ಬೈದುಕೊಂಡೆ. ಬೈಯಲು ಬೇರೆ ಯಾರೂ ಇರಲಿಲ್ಲ.

ತಳದ ಮುಚ್ಚಳ ಎತ್ತಿ, ಬ್ಯಾಟರಿಯ ವೈರು ಬಿಡಿಸಿ, ಫ್ಯಾನು ಹೊರತೆಗೆದೆ. ಅದರ ರೆಕ್ಕೆಗಳಿಗೆ, ಬಿಸಿ ಗಾಳಿ ಹೊರಹೋಗುವ ಸಂದುಗಳಿಗೆ, ಬೂದಿ ಬಣ್ಣದ ಗಟ್ಟಿ ಪದರ ಕಟ್ಟಿತ್ತು. ಬರೀ ಧೂಳಲ್ಲ. ಉಗುರಿನಿಂದ ಕೆರೆದು ಮೂಸಿದೆ. ವಿಭೂತಿ!

ಪ್ರತಿ ಆಯುಧಪೂಜೆಗೆ ನನ್ನ ಸ್ಪ್ಯಾನರು, ಕಟಿಂಗ್ ಪ್ಲೇಯರುಗಳ ಜೊತೆ ಆಕೆ ಇದನ್ನೂ ತೊಳೆದ ಮಣೆಯ ಮೇಲೆ ಇಡುತ್ತಿದ್ದಳು. ಮುಚ್ಚಳದ ಮೇಲೆ ಮೂರು ಬೆರಳು ಎಳೆದು ಸುಮ್ಮನಿರಬಾರದೇ? ಮಗುಚಿ, ತಳದ ತೂತುಗಳಿಗೂ ಹಚ್ಚುತ್ತಿದ್ದಳು.

"ವಿಜ್ಞಾನದ ಟೀಚರು, ಫ್ಯಾನಿಗೆ ಬೂದಿ ಬಡೀತೀಯಲ್ಲೇ!" ಎಂದು ನಾನು ರೇಗಿದರೆ, "ಅದು ಉಸಿರಾಡೋ ಜಾಗ ಕಣ್ರಿ, ಅಲ್ಲಿಗೇ ಹಚ್ಬೇಕು. ವಿಜ್ಞಾನ ಶಾಲೇಲಿ ಐತೆ, ಇವತ್ತು ಹಬ್ಬ. ಸುಮ್ಕಿರ್ರಿ" ಅನ್ನುತ್ತಿದ್ದಳು.

ಅಯ್ಯೋ ಮಾರಾಯ್ತಿ, ಉಸಿರಾಡಲಿ ಅಂತ ಹಚ್ಚಿ ಉಸಿರೇ ಕಟ್ಟಿಸಿದ್ದೀಯಲ್ಲ ಅಂತ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಬ್ರಷ್ಷು ಕೈಗೆತ್ತಿಕೊಂಡೆ. ಆಕೆಯ ಬೆರಳು ಇಟ್ಟದ್ದನ್ನು ನಾನು ಉಜ್ಜಿ ತೆಗೆಯಬೇಕು. ತೆಗೆಯದಿದ್ದರೆ ದನಿ ಇಲ್ಲ. ಒಂದು ಸಲ ಎಲ್ಲ ಕಳೆದವನಿಗೆ ಮತ್ತೆ ಕಳೆಯುವ ಕೆಲಸವೇ ಬಂತಲ್ಲ ಎಂದು ಸಂಕಟವಾಯಿತು. ಕಡೆಗೆ ಬೆರಳಿಗೆ ಅಂಟಿದ್ದನ್ನು, ಎಣ್ಣೆಜಿಡ್ಡು ಸಮೇತ, ಹಣೆಗೆ ಹಚ್ಚಿಕೊಂಡು ಉಜ್ಜತೊಡಗಿದೆ.

ಸಂದುಗಳನ್ನು ಬಿಡಿಸಿ, ತಾಮ್ರದ ಕೊಳವೆಯ ಕೆಳಗಿನ, ಕಾವು ದಾಟಿಸುವ, ಒಣಗಿದ ಪೇಸ್ಟು ಒರೆಸಿ, ಚನ್ನಗಿರಿಯಿಂದ ತರಿಸಿದ್ದ ಹೊಸ ಪೇಸ್ಟು ಇಟ್ಟೆ. ಕಟ್ಟಿದ ಮೇಲೆ ಇಡ್ಲಿ ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿಯಿತು. ಮೋಟಾರಿನಲ್ಲಿ ಹಾಗಾದರೆ ನಾನು ಮತ್ತೆ ಬಿಚ್ಚುವವನೇ. ಈ ಸಲ ಬಿಚ್ಚುವ ಧೈರ್ಯ ಬರಲಿಲ್ಲ.

ಸ್ವಿಚ್ ಒತ್ತಿದೆ. ಫ್ಯಾನು ಸಣ್ಣಗೆ ಗುಂಯ್‌ಗುಟ್ಟಿತು. ಐದು ನಿಮಿಷ ದಾಟಿತು, ಹತ್ತು ದಾಟಿತು. ತಳಕ್ಕೆ ಕೈ ಇಟ್ಟರೆ ಬೆಚ್ಚಗಿತ್ತು, ಅಷ್ಟೇ. ಮೊದಲು ಎಲ್ಲ ಪಾಠಗಳನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಆಮೇಲೆ ಕೈಗೆ ಸಿಕ್ಕ ಒಂದನ್ನು ತೆರೆದೆ.

ಘರ್ಷಣೆಯ ಪಾಠ. ನೀಲಿ ಸೀರೆ, ಬಿಗಿದು ಕಟ್ಟಿದ ತುರುಬು. "ಘರ್ಷಣೆ ಇಲ್ಲದಿದ್ದರೆ ನಾವು ನೆಲದ ಮೇಲೆ ನಡೆಯಲು ಸಾಧ್ಯವಿಲ್ಲ" ಅಂದಳು. ನಮ್ಮನೆಯಲ್ಲಿ ಅದಕ್ಕೇನು ಕೊರತೆಯಿತ್ತೇ ಎಂದುಕೊಂಡೆ. ಎಲ್ಲವೂ ಪುಸ್ತಕದ ಕನ್ನಡ. ಇದೆ, ಇಲ್ಲ, ಗಮನಿಸಿ. ನಾನು ಕಾಯುತ್ತಿದ್ದದ್ದು ಒಂದೇ ಒಂದು ‘ಐತೆ’ಗೆ. ಎಲ್ಲಾದರೂ ಮರೆತು, ಬಾಯಿ ತಪ್ಪಿ, ನನ್ನ ಜೊತೆ ಮಾತಾಡುವ ಹಾಗೆ ಒಂದು ಸಲ ಅಂದಾಳು ಎಂದು ಕಿವಿ ಕೊಟ್ಟು ಕೂತೆ. ಅನ್ನಲಿಲ್ಲ. ಮಕ್ಕಳ ವಿಷಯದಲ್ಲಿ ಆಕೆ ತಪ್ಪುವವಳಲ್ಲ.

ಪಾಠದ ನಡುವೆ, "ಅರ್ಥವಾಯಿತೇ?" ಎಂದು ಕೇಳಿ ಸುಮ್ಮನಾದಳು. ಎದುರಿಗೆ ತರಗತಿ ಇರಲಿಲ್ಲ, ಆದರೂ ರೂಢಿ ನೋಡಿ, ಉತ್ತರಕ್ಕೆ ಕಾದಳು. ಹುಬ್ಬು ಎತ್ತಿ ನೇರ ನನ್ನನ್ನೇ ನೋಡುತ್ತಿದ್ದಳು.

"ಇಲ್ಲ ಕಣೇ" ಅಂದೆ. "ಒಂದೂ ಅರ್ಥ ಆಗಿಲ್ಲ. ನೀನಿಲ್ದೆ ಹೆಂಗಿರಾದು?"

"ತುಂಬಾ ಒಳ್ಳೆಯದು" ಅಂದಳು. "ಹಾಗಾದರೆ ಮುಂದಕ್ಕೆ ಹೋಗೋಣ."