ಪಡುವಣ ಗೋಡೆಯ ಕಂಬಳಿ

ಕುಸುಮಳ ಕೈ ಬಿಸಿ ಎಂದು ಊರಿಗೆಲ್ಲ ಸಾರಿದವಳು ಅವಳ ಅತ್ತೆ ಬೆಟ್ಟಮ್ಮ. ಸೋಮನಹಳ್ಳಿಯ ಮಗ್ಗುಲಿನ ಆ ಹಳ್ಳಿಗೆ, ರೇಷ್ಮೆ ಹುಳ ಸಾಕುವ ಮನೆಗೆ ಸೊಸೆಯಾಗಿ ಬಂದವಳಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ. ಬಿಸಿ ಕೈಯವರು ಮುಟ್ಟಿದರೆ ಹುಳ ಗೂಡು ಕಟ್ಟುವುದಿಲ್ಲ ಎಂಬುದು ಆ ಕಡೆಯ ನಂಬಿಕೆ. ಕುಸುಮ ಮದುವೆಯಾಗಿ ಬಂದ ವರ್ಷ ಒಂದು ಬೆಳೆ ಕೆಟ್ಟಿತು, ಅಷ್ಟೇ ನೆಪ.

"ನಿನ್ ಕೈ ಬಿಸಿ ಕಣಮ್ಮಿ. ಸೊಪ್ಪು ಕುಯ್ದು ಆಕು, ಸಾಕು. ಒಳೀಕೆ ಬರ್ಬ್ಯಾಡ," ಎಂದು ಬೆಟ್ಟಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಳು. ಹತ್ತೊಂಬತ್ತು ವರ್ಷ ಹಾಗೇ ನಿಂತಿದ್ದಳು.

ಹತ್ತೊಂಬತ್ತು ವರ್ಷವೂ ಕುಸುಮ ಬಾಗಿಲವರೆಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತಳು. ಹೊರಗೆ ನಿಂತು ಹುಳ ಮೇಯುವ ಸದ್ದು ಕೇಳಿದಳು. ಸಾವಿರಾರು ಹುಳ ಒಟ್ಟಿಗೆ ಮೇಯುವಾಗ ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತದೆ. ಆ ಮಳೆಯೊಳಗೆ ಒಮ್ಮೆ ಹೋಗಿ ನಿಲ್ಲಬೇಕೆಂಬುದು ಬಿಟ್ಟರೆ ಅವಳಿಗೆ ಅಂಥ ದೊಡ್ಡ ಆಸೆಗಳೇನೂ ಇರಲಿಲ್ಲ.

ಮುದುಕಿಯ ಕಟ್ಟುನಿಟ್ಟು ಒಂದೆರಡಲ್ಲ. ಬೀಡಿ ಸೇದಿದವರು, ಹೊಗೆಸೊಪ್ಪು ಅಗಿದವರು ಹುಳುಮನೆಯ ಅಂಗಳಕ್ಕೂ ಕಾಲಿಡುವ ಹಾಗಿರಲಿಲ್ಲ. ಆ ಘಾಟು ತಗುಲಿದರೆ ಹುಳ ಸಾಯುತ್ತವೆ. ಹಿಂದೆ ಅವಳೇ ಹೊಗೆಸೊಪ್ಪಿನ ದಾಸಿಯಾಗಿದ್ದಳು, ಆದರೆ ಒಳಗೆ ಹೋಗುವ ಮುಂಚೆ ಮೈಕೈ ಬಾಯಿ ಉಜ್ಜಿ ತೊಳೆಯುತ್ತಿದ್ದಳು. ಬಾಯಲ್ಲಿ ಹುಣ್ಣಾಗಿ, ಮಂಡ್ಯದ ಡಾಕ್ಟರು ಹೆದರಿಸಿದ ಮೇಲೆ ಮಗ ಪುಟ್ಟರಾಜುವಿನ ತಲೆ ಮುಟ್ಟಿ ಆಣೆ ಮಾಡಿ ಅದನ್ನೂ ಬಿಟ್ಟಳು. ಒಬ್ಬನೇ ಮಗ. ಅಂಥ ಆಣೆ ಮುರಿಯುವ ತಾಯಿ ಉಂಟೇ ಎಂದು ಎಲ್ಲರೂ ನಂಬಿದರು.

ಹುಳ ಮನೆಯಲ್ಲಿದ್ದಷ್ಟು ದಿನ ಬೆಟ್ಟಮ್ಮ ಮಲಗುತ್ತಿದ್ದುದು ಹುಳುಮನೆಯ ಬಾಗಿಲಲ್ಲೇ. ಪುಷ್ಯಮಾಸದ ಚಳಿಯಲ್ಲೂ ಬರೀ ಸೆರಗು ಹೊದ್ದು ಗಡಗಡ ನಡುಗುತ್ತಿದ್ದಳು. ಅವಳದೊಂದು ಒಳ್ಳೆಯ ಕರಿ ಕಂಬಳಿ ಮಾತ್ರ ಅಷ್ಟು ದೂರದ ಕೊಟ್ಟಿಗೆಯ ಗೂಟದಲ್ಲಿ ಬೆಚ್ಚಗೆ ನೇತಾಡುತ್ತಿತ್ತು. "ದೊಡ್ಡ ತಪಸ್ಸು ಮಾಡ್ತಾವ್ಳೆ," ಎಂದು ಕುಸುಮ ಮೂತಿ ತಿರುವುತ್ತಿದ್ದಳು.

ಕೊನೆಗೂ ಒಂದು ಪುಷ್ಯದಲ್ಲೇ ಮುದುಕಿ ಹಾಸಿಗೆ ಹಿಡಿದಳು. ಸಾಯುವ ಹಿಂದಿನ ದಿನ ಕುಸುಮಳ ಮುಂಗೈ ಹಿಡಿದು, "ಆ ಕಂಬ್ಳೀನ ನನ್ ಜೊತೇಲೇ ಗುಂಡಿಗಾಕು ಕಣಮ್ಮಿ. ಮನೇಲಿ ಇರಿಸ್ಬ್ಯಾಡ. ಅದ್ರಲ್ಲಿ..." ಎಂದಳು.

ಕುಸುಮಳಿಗೆ ಮೈಯೆಲ್ಲ ಉರಿಯಿತು. ಸಾಯುವಾಗಲೂ ಸೊಸೆಗೊಂದು ಕಂಬಳಿ ಬಿಟ್ಟು ಹೋಗಲಾರಳಲ್ಲ! "ಆಯ್ತು ಬುಡಿ ಅತ್ತೆ, ನಿಮ್ ಕಂಬ್ಳಿ ಯಾರ್ಗೂ ಬ್ಯಾಡ," ಎಂದು ಮಾತು ಕತ್ತರಿಸಿದಳು. ಅಷ್ಟರಲ್ಲಿ ಪುಟ್ಟರಾಜು ಒಳಗೆ ಬಂದ. ಬೆಟ್ಟಮ್ಮ ಮಗನನ್ನು ನೋಡಿ ಬಾಯಿ ಮುಚ್ಚಿಕೊಂಡಳು. ಮತ್ತೆ ತೆರೆಯಲಿಲ್ಲ.

ಸೊಪ್ಪಿನ ತೋಟದ ಅಂಚಿನಲ್ಲೇ ಮಣ್ಣು ಮಾಡಿದರು. ಸತ್ತವರ ಚಾಪೆ, ಹೊದಿಕೆ ಮನೆಗೆ ವಾಪಸು ಬರಬಾರದು. ಎಲ್ಲವೂ ಹೋದವು, ಕಂಬಳಿಯೊಂದು ಹೋಗಲಿಲ್ಲ. ಕುಸುಮ ಅದನ್ನು ಅಟ್ಟದ ಮೇಲೆ ಮರದ ಪೆಟ್ಟಿಗೆಯೊಳಗೆ ತುರುಕಿದ್ದಳು. ಅಪ್ಪಟ ಉಣ್ಣೆ ಎಂಬ ಆಸೆ ಅರ್ಧ, ಹತ್ತೊಂಬತ್ತು ವರ್ಷದ ಸಿಟ್ಟು ಅರ್ಧ.

ಮುಂದಿನ ಮಳೆಗಾಲಕ್ಕೆ ಹಳೆಯ ಹುಳುಮನೆಯ ಮಣ್ಣುಗೋಡೆ ಕುಸಿಯಿತು. ಪುಟ್ಟರಾಜು ಸೋಮನಹಳ್ಳಿಯಲ್ಲಿ ತಾನು ಕೆಲಸ ಮಾಡುವ ಫ್ಯಾಕ್ಟರಿಯಿಂದ ಪ್ಯಾಕಿಂಗ್ ಹಲಗೆ ತಂದು ಹಾಕಿದ. ಊರಿನ ಬಡಗಿ ಕರಿಯಯ್ಯ ಅದರಲ್ಲೇ ಒಂದು ಮನೆ ಎಬ್ಬಿಸಿದ. ಪುಟ್ಟರಾಜುವಿಗೆ ಹುಳದ ಕೆಲಸವೇ ಸಾಕಾಗಿತ್ತು. "ಅವ್ವನ್ ಜೊತೆಗೇ ಓಯ್ತು ಈ ಕಸುಬು. ನೀನು ಕೇಳ್ತಿದ್ದೀಯ ಅಂತ ಒಂದ್ ಬೆಳೆ ನೋಡ್ತೀನಿ. ಕೆಟ್ಟೋದ್ರೆ ಹಲಗೆ ಬಿಚ್ಚಿ ಕೊಟ್ಟಿಗೆಗೆ ಆಕ್ತೀನಿ, ಸೊಪ್ಪಿನ ಗಿಡಾನೂ ಕಿತ್ತಾಕ್ತೀನಿ," ಎಂದ.

ಕುಸುಮಳ ಪಾಲಿಗೆ ಅದು ಬರೀ ಬೆಳೆಯಲ್ಲ. ಕೆಟ್ಟರೆ ಮುದುಕಿ ಹೇಳಿದ್ದೇ ನಿಜವಾಗುತ್ತದೆ, ತನ್ನ ಕೈ ಬಿಸಿಯೇ ಆಗುತ್ತದೆ.

ಶಿವರಾತ್ರಿ ಕಳೆದದ್ದೇ ಬಿಸಿಲು ಏರಿತು. ಹಲಗೆ ಮನೆ ಮಧ್ಯಾಹ್ನಕ್ಕೆ ಒಲೆಯ ಹಾಗೆ ಕಾಯುತ್ತದೆ, ಬೆಳಗಿನ ಜಾವಕ್ಕೆ ತಣ್ಣಗಾಗುತ್ತದೆ. ಹುಳಕ್ಕೆ ಎರಡೂ ಆಗದು. "ಗೋಡೆಗೆ ಒಳಂಗಿ ತೊಡಿಸ್ಬೇಕು ಕಣವ್ವ," ಎಂದ ಕರಿಯಯ್ಯ. ಮದ್ದೂರಿನಲ್ಲಿ ಥರ್ಮಾಕೋಲು ವಿಚಾರಿಸಿದರೆ ಕೈಗೆ ಎಟುಕುವ ಮಾತಲ್ಲ. ಕುಸುಮ ಭತ್ತದ ಮಿಲ್ಲಿನಿಂದ ಹೊಟ್ಟು ಹೊತ್ತು ತಂದಳು. ಕರಿಯಯ್ಯ ಹಲಗೆಯ ಒಳಮೈಗೆ ನಾಲ್ಕು ಬೆರಳಿನಷ್ಟು ಮರದ ಪಟ್ಟಿ ಹೊಡೆದುಕೊಟ್ಟ. ಹಳೆಯ ಅಕ್ಕಿ ಚೀಲಕ್ಕೆ ಹೊಟ್ಟು ತುಂಬಿ, ಹೊಲಿದು, ಪಟ್ಟಿಗಳ ನಡುವೆ ಒತ್ತೊತ್ತಾಗಿ ಕೂರಿಸಿ, ಮೇಲೆ ಗೋಣಿತಾಟು ಬಿಗಿದು, ಮೈದಾ ಅಂಟಿನಲ್ಲಿ ಪೇಪರು ಮೆತ್ತಿ ಸುಣ್ಣ ಬಳಿದಳು. ಮೂರು ಗೋಡೆಗೆ ಹೊಟ್ಟು ಸರಿಹೋಯಿತು. ಸಂಜೆಯ ಬಿಸಿಲು ಹೊಡೆಯುವ ಪಡುವಣ ಗೋಡೆಗೆ ಬರುವಷ್ಟರಲ್ಲಿ ಮುಗಿಯಿತು. ಮಾರನೆಯ ದಿನವೇ ಹುಳ ಬರುವುದಿತ್ತು. ಕುಸುಮ ಅಟ್ಟ ಹತ್ತಿದಳು. ಕಂಬಳಿಯನ್ನು ಕೊಡವಲಿಲ್ಲ, ಒಗೆಯಲಿಲ್ಲ, ಯಾರ ಕಣ್ಣಿಗೂ ಬೀಳದ ಹಾಗೆ ಮಡಿಸಿದ್ದು ಮಡಿಸಿದಂತೆಯೇ ಗೋಡೆಯೊಳಗೆ ಸೇರಿಸಿ ತಾಟು ಬಿಗಿದಳು.

ಎರಡು ಜ್ವರ ಮುಗಿಸಿದ ಮರಿಗಳು ಬಂದು ಇಪ್ಪತ್ತು ಬಿದಿರು ತಟ್ಟೆ ತುಂಬಿದವು. ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಮೂರನೆಯ ಜ್ವರವೂ ಸುಸೂತ್ರವಾಗಿ ಕಳೆಯಿತು. ಕುಸುಮ ಕೊನೆಗೂ ಆ ಮಳೆಯೊಳಗೆ ನಿಂತಳು, ನಿಂತು ಯಾರೂ ಇಲ್ಲದಾಗ ಅತ್ತಳು.

ಆಮೇಲೆ ಬಿಸಿಲು ಇನ್ನೂ ಜೋರಾಯಿತು. ಪಡುವಣ ಗೋಡೆಯ ಗೋಣಿತಾಟಿಗೆ ಮೂರು ಹೊತ್ತೂ ನೀರು ಚಿಮುಕಿಸತೊಡಗಿದಳು. ಎರಡನೆಯ ದಿನ ಮಧ್ಯಾಹ್ನ, ಬಗ್ಗಿ ಸೊಪ್ಪು ಹರವುತ್ತಿದ್ದಾಗ, ಗೋಡೆ ಕೆಮ್ಮಿತು.

ಎರಡು ಸಲ ಚಿಕ್ಕದಾಗಿ, ಆಮೇಲೆ ಗಂಟಲು ಕೆರೆದು ಒಂದು ಸಲ ಉದ್ದಕ್ಕೆ. ಹತ್ತೊಂಬತ್ತು ವರ್ಷ ಕೇಳಿದ ಅತ್ತೆಯ ಆ ಕೆಮ್ಮನ್ನು ಅವಳು ಸಂತೆಯ ಗದ್ದಲದಲ್ಲೂ ಗುರುತಿಸಬಲ್ಲಳು. ಓಡಿ ಹೊರಗೆ ಬಂದು ಹಲಗೆ ಮನೆಯನ್ನು ಒಂದು ಸುತ್ತು ಹಾಕಿದಳು. ಹಿಂದೆ ಮುಂದೆ ಒಂದು ನಾಯಿಯೂ ಇರಲಿಲ್ಲ.

ಒಳಗೆ ಬಂದಾಗ ಪಡುವಣ ಕಡೆಯ ತಟ್ಟೆಯಲ್ಲಿ ಮೇಯುವ ಮಳೆಸದ್ದು ನಿಂತಿತ್ತು. ಹುಳಗಳು ತಲೆ ಎತ್ತಿ ಅಲ್ಲಾಡಿಸುತ್ತ ಹಸಿರು ನೀರು ಕಕ್ಕುತ್ತಿದ್ದವು. ಸಂಜೆಗೆ ಆ ತಟ್ಟೆ ಸತ್ತಿತು. ಮಾರನೆಯ ದಿನ ಅದೇ ಹೊತ್ತಿಗೆ ಅದೇ ಕೆಮ್ಮು, ಪಕ್ಕದ ಎರಡು ತಟ್ಟೆ. ಸತ್ತ ಹುಳವನ್ನು ಕುಸುಮ ಸೆರಗಿನಲ್ಲಿ ಕಟ್ಟಿ ತಿಪ್ಪೆಗುಂಡಿಗೆ ಸುರಿದಳು. ಗಂಡ ಕೇಳಿದರೆ, "ಚೆನ್ನಾಗೇ ಮೇಯ್ತಾವೆ," ಎಂದಳು. ಮುದುಕಿ ಕಂಬಳಿ ಕೇಳಿಕೊಂಡು ಬಂದಿದ್ದಾಳೆ, ಕೊಡುವವರೆಗೂ ಒಂದೊಂದೇ ತಟ್ಟೆ ತಿನ್ನುತ್ತಾಳೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಗೋಡೆ ಬಿಚ್ಚಲೂ ಭಯ, ಬಿಡಲೂ ಭಯ.

ಮೂರನೆಯ ಮಧ್ಯಾಹ್ನ ಕೆಮ್ಮು ಕೇಳಿದಾಗ ಅವಳಿಗೆ ರೇಗಿಹೋಯಿತು. "ತಗೊಂಡೋಗಿ ಅತ್ತೆ, ತಗೊಂಡೋಗಿ! ಹುಳಾನ್ ಬುಟ್ಬುಡಿ!" ಎಂದು ಕಿರುಚಿ, ಸುತ್ತಿಗೆಯ ಬಾಲದಿಂದ ಮೊಳೆ ಕಿತ್ತು ತಾಟು ಹರಿದಳು. ಒದ್ದೆ ಕಂಬಳಿ ಮೈಮೇಲೆ ಬಿತ್ತು. ಅದರ ಜೊತೆಗೇ ಘಾಟು ಮೂಗಿಗೆ ಹೊಡೆಯಿತು.

ಹೊಗೆಸೊಪ್ಪು.

ಕಂಬಳಿಯ ಮೂಲೆಯಲ್ಲಿ ಬಟ್ಟೆಯ ಒಂದು ಗುಟ್ಟಿನ ಚೀಲ ಹೊಲಿದಿತ್ತು. ಒಳಗೆ ಹಿಡಿಯಷ್ಟು ಹೊಗೆಸೊಪ್ಪು, ಅರ್ಧ ಅಗಿದಿಟ್ಟ ಒಂದು ಉಂಡೆ. ಉಣ್ಣೆಯ ಎಳೆ ಎಳೆಗೂ ಅದರ ಪುಡಿ. ನೀರು ಬಿದ್ದು, ಬಿಸಿಲಿಗೆ ಬೆಂದು ಘಾಟು ಎದ್ದಿತ್ತು.

ಕುಸುಮ ಅಂಗಳದಲ್ಲಿ ಕುಸಿದು ಕೂತಳು. ಮಗನ ತಲೆ ಮುಟ್ಟಿದ ಆಣೆಯನ್ನು ಮುದುಕಿ ಮುರಿದಿದ್ದಳು. ಕೊಟ್ಟಿಗೆಯ ಕತ್ತಲಲ್ಲಿ, ಈ ಕಂಬಳಿಯ ಮುಸುಕಿನೊಳಗೆ, ಕಳ್ಳಿಯ ಹಾಗೆ ಅಗಿದಿದ್ದಳು. ಬಾಯಿ ಬಿಟ್ಟು ಯಾರಿಗೆ ಹೇಳಿಯಾಳು? ಹೇಳಲಾರದೆ ಚಳಿಯಲ್ಲಿ ನಡುಗಿದಳು, ಕಂಬಳಿಯನ್ನು ಮಾತ್ರ ಹುಳದ ಹತ್ತಿರಕ್ಕೆ ತರಲಿಲ್ಲ. ಮನೆಯಲ್ಲಿ ಇರಿಸಬೇಡ ಎಂದಿದ್ದು ಆಸೆಗಲ್ಲ. ತಾನು ಹೋದ ಮೇಲೆ ಹುಳುಮನೆಗೆ ಹೋಗುವವಳು ಈ ಬಿಸಿ ಕೈಯವಳೇ ಎಂದು ಅವಳಿಗೆ ಗೊತ್ತಿತ್ತು. ಒಂದು ಮಾತು ಪೂರ್ತಿ ಆಡಲು ಬಿಟ್ಟಿದ್ದರೆ ಸಾಕಿತ್ತು.

ಕಂಬಳಿಯನ್ನು ಕೊಟ್ಟಿಗೆಯ ಹಳೆಯ ಗೂಟಕ್ಕೆ ಹಾಕಿ, ಸೀಗೆಪುಡಿಯಲ್ಲಿ ಮೂರು ಸಲ ಮೈಕೈ ತೊಳೆದು, ಬೇರೆ ಸೀರೆ ಉಟ್ಟು, ಉಳಿದ ತಟ್ಟೆಗಳನ್ನೆಲ್ಲ ಮೂಡಣ ಗೋಡೆಗೆ ಸರಿಸಿ ಕಿಟಕಿ ತೆಗೆದಳು. ಮೂರು ತಟ್ಟೆ ಹೋಗಿದ್ದವು, ಹದಿನೇಳು ಉಳಿದವು.

ಸಂಜೆ ಬಿಸಿಲು ಇಳಿಯುವಾಗ ತೋಟದ ಅಂಚಿನಲ್ಲಿ, ಅತ್ತೆಯ ಸಮಾಧಿಯ ಮಗ್ಗುಲಲ್ಲೇ, ಗುದ್ದಲಿ ಹಿಡಿದು ಮೊಣಕಾಲುದ್ದ ಅಗೆದಳು. ಕಂಬಳಿಯನ್ನು ಚೀಲದ ಸಮೇತ ಇಳಿಸಿದಳು.

"ಇನ್ ಯಾರ್ಗೂ ಎದ್ರುಕೊಬ್ಯಾಡಿ ಅತ್ತೆ. ನೆಮ್ಮದಿಯಾಗಿ ಅಗೀರಿ. ನಿಮ್ ಮಗುಂಗೆ ನಾನ್ ಏಳಲ್ಲ," ಎಂದು ಮಣ್ಣು ಎಳೆದಳು. ಅಳು ಬಂತು, ತಡೆಯಲಿಲ್ಲ.

ಹದಿನೇಳು ತಟ್ಟೆಯ ಹುಳವೂ ಹಣ್ಣಾಗಿ, ಮೈ ಹೊಂಬಣ್ಣಕ್ಕೆ ತಿರುಗಿ, ಗೂಡು ಕಟ್ಟಿದವು. ಪುಟ್ಟರಾಜು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಅವ್ವನ್ ಗೂಡಿದ್ದಂಗೇ ಅದೆ ಕಣೆ," ಎಂದ. ಹಲಗೆ ಬಿಚ್ಚುವ ಮಾತು ಮತ್ತೆ ಎತ್ತಲಿಲ್ಲ.

ಕೆಮ್ಮು ಆ ದಿನಕ್ಕೇ ನಿಂತುಹೋಯಿತು. ಪಡುವಣ ಗೋಡೆಗೂ ಹೊಟ್ಟಿನ ಚೀಲ ಬಂತು, ಸುಣ್ಣ ಬಂತು. ಈಗ ಎರಡನೆಯ ಬೆಳೆ. ಮಧ್ಯಾಹ್ನ ಸೊಪ್ಪು ಹರವಿದ ಮೇಲೆ ಕುಸುಮ ಆ ಗೋಡೆಯ ಪಕ್ಕ ಕೂರುತ್ತಾಳೆ. "ಸೊಪ್ಪು ಆಕ್ದೆ ಕಣತ್ತೆ," ಎನ್ನುತ್ತಾಳೆ. ಸ್ವಲ್ಪ ತಡೆದು, "ನನ್ ಕೈ ಈಗ್ಲೂ ಬಿಸಿನಾ?" ಎಂದು ಕೇಳಿ, ಕಿವಿಗೊಟ್ಟು ಕಾಯುತ್ತಾಳೆ. ಹುಳ ಮೇಯುವ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ.