ಉಮ್ರಾಕ್ಕೆ ಅಡ್ಡ ಬಂದ ಬೂದಿ

ನಮ್ಮ ಪಕ್ಕದ ಮನೆಯ ಚಾಚಾ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ಅವರೂ ಚಾಚಿಯೂ ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೊರಟಾಗ ಇಡೀ ಬೀದಿ ಹಾರ ಹಾಕಿ ಕಳಿಸಿತು. ಅಳಬೇಕಾದವರು ಅತ್ತರು. ತಪ್ಪಾಗಿದ್ದರೆ ಮಾಫ್ ಮಾಡ್ರಿ ಅಂತ ಚಾಚಾ ಮನೆಮನೆಗೂ ಹೋಗಿ ಕೇಳಿಕೊಂಡರು. ಚರಂಡಿ ವಿಷಯಕ್ಕೆ ಮಾತು ಬಿಟ್ಟಿದ್ದ ಎದುರು ಮನೆಯವರನ್ನೂ ಕೇಳಿದರು. ಅವರು ಮಾಫ್ ಮಾಡಿದರು.

ಮರುದಿನ ಮಧ್ಯಾಹ್ನ ಚಾಚಾರ ಫೋನ್ ಬಂತು. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ, ಆಗ ಸ್ಟಾಫ್ ರೂಮಿನಲ್ಲಿದ್ದೆ.

"ಟೀಚರ್, ವಿಮಾನ ಕ್ಯಾನ್ಸಲ್ ಆತು. ಇಥಿಯೋಪಿಯಾದಾಗ ಜ್ವಾಲಾಮುಖಿ ಸಿಡಿದೈತಂತೆ."

"ಈಗ ಎಲ್ಲಿದೀರಿ?"

"ಹರಿಹರ ಸ್ಟೇಷನ್ನಾಗ. ಬೆಂಗಳೂರಿಂದ ಟ್ರೈನ್ ಹತ್ತಿದ್ವಿ. ದಾವಣಗೆರೆ ಬಂತು. ಇಳಿಯಾಕ ಮನಸ್ಸಾಗಲಿಲ್ಲ."

ಹಾರ ಹಾಕಿಸಿಕೊಂಡ ಬೀದಿಗೆ ಮರುದಿನವೇ ಸೂಟ್‌ಕೇಸ್ ಎಳೆದುಕೊಂಡು ಹೋಗಲು ಅವರಿಗೆ ನಾಚಿಕೆ. ಹರಿಹರದಲ್ಲಿ ನಮ್ಮ ಅಕ್ಕನ ಮನೆ ಇದೆ. ಅಲ್ಲಿಗೆ ಕಳಿಸಿದೆ.

ಸಂಜೆ ನಾನೂ ಬಸ್ ಹಿಡಿದು ಹೋದೆ. ಬೂದಿ ಭಾರತಕ್ಕೆ ಬರ್ತಿದೆ ಅಂತ ಟಿವಿಯವರು ಹೇಳಿದ್ದಕ್ಕೆ ಅಕ್ಕ ಮಹಡಿ ಮೇಲಿನ ಬಟ್ಟೆಯನ್ನೆಲ್ಲ ಒಳಗೆ ತಂದಿದ್ದಳು. ಒದ್ದೆ ಸೀರೆಗಳ ನಡುವೆ ಚಾಚಾ, ಚಾಚಿ ಚಹಾ ಕುಡಿಯುತ್ತಿದ್ದರು.

"ಹೊಗೆ ಅಂದ್ರ ಮೇಲಕ್ಕ ಹೋಗಬೇಕು. ನಮ್ಮ ದಾರಿಗೆ ಯಾಕ ಬಂತು?" ಅಂದರು ಚಾಚಾ.

ಹೇಳಿದೆ. ಆ ಹೊಗೆ ಸುತ್ತಲಿನ ಗಾಳಿಗಿಂತ ಹಗುರಾಗಿರುವ ತನಕ ಏರುತ್ತದೆ. ಏರುತ್ತ ತಣ್ಣಗಾಗುತ್ತದೆ. ಸುತ್ತಲಿನ ಗಾಳಿಯಷ್ಟೇ ಭಾರವಾದ ಕಡೆ ನಿಂತು, ಕೊಡೆ ಬಿಚ್ಚಿದ ಹಾಗೆ ಅಡ್ಡಕ್ಕೆ ಹರಡುತ್ತದೆ. ಅಷ್ಟೆತ್ತರದಲ್ಲಿ ಪಶ್ಚಿಮದಿಂದ ಜೋರು ಗಾಳಿ. ದಪ್ಪ ಬೂದಿ ಅಲ್ಲೇ ಉದುರುತ್ತದೆ, ನುಣ್ಣನೆಯದು ಸಮುದ್ರ ದಾಟುತ್ತದೆ. ವಿಮಾನದ ಇಂಜಿನ್ನಿಗೆ ಹೊಕ್ಕರೆ ಕರಗಿ ಅಂಟಿಕೊಳ್ಳುತ್ತದೆ. ಈ ಸಲದ್ದು ಗುಜರಾತ್, ದೆಹಲಿ ಕಡೆ ಹೊರಟಿದೆ, ಹರಿಹರಕ್ಕೆ ಬರುವುದಿಲ್ಲ.

ಅಕ್ಕ ಎದ್ದು ಬಟ್ಟೆ ಮೇಲಕ್ಕೆ ಒಯ್ದಳು.

ಚಾಚಾ ಚಹಾದ ಲೋಟ ಕೆಳಗಿಟ್ಟರು. "ನಮ್ಮ ಭಟ್ಟಿ ಹೊಗೆಗೆ ಜನ ಕಂಪ್ಲೇಂಟ್ ಕೊಡ್ತಾರ. ಇದಕ್ಕ ಯಾರಿಗೆ ಕೊಡಬೇಕು?"

ಚಾಚಿ ಎದ್ದು ಅಡುಗೆಮನೆಗೆ ಹೋದರು. ಹಿಂದೆಯೇ ಹೋಗಿ ನೋಡಿದೆ, ಕಣ್ಣು ಒರೆಸಿಕೊಳ್ಳುತ್ತಿದ್ದರು. "ನಾನೇ ಸರಿಯಾಗಿ ದುವಾ ಮಾಡ್ಲಿಲ್ವೇನೋ" ಅಂದರು. ಜ್ವಾಲಾಮುಖಿ ಅದನ್ನೆಲ್ಲ ನೋಡುವುದಿಲ್ಲ ಅಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅಕ್ಕ ಬಂದು ಅವರನ್ನು ರೊಟ್ಟಿ ಬಡಿಯಲು ಕೂರಿಸಿದಳು. ಅದರಿಂದ ಸಮಾಧಾನವಾಯಿತು.

ಮರುದಿನ ಹರಿಹರದ ತರಕಾರಿ ಸಂತೆಯಲ್ಲಿ ನಮ್ಮ ಬೀದಿಯ ಆ ಎದುರು ಮನೆಯವರೇ ಚಾಚಾರಿಗೆ ಎದುರಾದರಂತೆ. ಚಾಚಾ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಜ್ವಾಲಾಮುಖಿಯ ಕತೆ ಶುರು ಮಾಡಿದರು. ಅವರು ಪೂರ್ತಿ ಕೇಳಿ, "ಟಿವಿಯಾಗ ತೋರ್ಸಿದ್ರು. ನಿಮ್ದೇ ವಿಮಾನ ಇರಬೇಕು ಅಂದ್ಕಂಡೆ. ಕಾರು ಐತೆ, ಬರ್ರಿ ಮನೆಗೆ" ಅಂದರು.

ಮರಳಿ ಬಂದಾಗ ಬೀದಿಯಲ್ಲಿ ಯಾರೂ ನಗಲಿಲ್ಲ. ಬೂದಿಯ ಬಗ್ಗೆ ಕೇಳಲು ಬಂದವರಿಗೆಲ್ಲ ಚಾಚಾ ಕೊಡೆ ಬಿಚ್ಚಿ ತೋರಿಸಿದರು.

ಒಂದು ವಾರ ಕಳೆದು ಇಬ್ಬರೂ ಮತ್ತೆ ಹೊರಟರು. ಮುಟ್ಟಿದ ಮೇಲೆ ಚಾಚಿ ಫೋನ್ ಮಾಡಿದರು. ಕಿಟಕಿ ಪಕ್ಕ ಕೂತಿದ್ದರಂತೆ, ಆಕಾಶ ತೊಳೆದಿಟ್ಟ ಹಾಗಿತ್ತಂತೆ. ಚಾಚಾ ದಾರಿಯುದ್ದಕ್ಕೂ ನಿದ್ದೆ ಮಾಡಿದರಂತೆ.