ಅಂಗೈಯಲ್ಲಿ ಬೆಚ್ಚಗಾದ ಔಷಧಿ

ನಮ್ಮಕ್ಕ ಎಳೆ ಮಕ್ಕಳ ವಾರ್ಡಿನಲ್ಲಿ ನರ್ಸು, ನಾನು ಅಲ್ಲೇ ಆಯಾ. ಅಕ್ಕನ ಬಾಯಿಂದ ಒಂದು ಮಾತು ಹೊರಡುವಷ್ಟರಲ್ಲಿ ನಾನು ಹತ್ತು ಜನರ ಜೊತೆ ಜಗಳ ಮುಗಿಸಿರುತ್ತೇನೆ.

ಅಕ್ಕನಿಗೊಬ್ಬ ಮಗ ಹುಟ್ಟಿದ್ದ, ದಿನ ತುಂಬುವ ಮೊದಲೇ, ಗಂಡನ ಮನೆಯಲ್ಲಿ. ಮಗು ಉಸಿರುಸಿರಿಗೂ ನರಳುತ್ತಿತ್ತು. ಆಸ್ಪತ್ರೆಗೆ ಹೋಗೋಣ ಅಂತ ಅಕ್ಕ ಕಾಲು ಹಿಡಿದರೂ ಅವಳತ್ತೆ, ಹಸಿವು ಅಷ್ಟೇ ಅಂತ ಸಕ್ಕರೆ ನೀರು ಕುಡಿಸುತ್ತಾ ಕೂತಳು. ಸಂಜೆಗೆ ಮಗು ಹೋಯಿತು. ಇವಳ ಹೊಟ್ಟೆಯೇ ಸರಿಯಿಲ್ಲ ಅಂತ ಊರೆಲ್ಲ ಡಂಗುರ ಸಾರಿ, ಅಕ್ಕನನ್ನು ಹೊರಹಾಕಿ, ಮಗನಿಗೆ ಇನ್ನೊಂದು ಮದುವೆ ಮಾಡಿದಳು ಆ ಮಹಾತಾಯಿ.

ಅಕ್ಕ ಹಟಕ್ಕೆ ಬಿದ್ದು ನರ್ಸಿಂಗ್ ಓದಿದಳು. ಶ್ವಾಸಕೋಶದ ಒಳಗೆ ಫಾಸ್ಫಾಟಿಡೈಲ್ ಕೋಲೀನ್ ಅನ್ನೋ ಕೊಬ್ಬಿನ ತೆಳು ಪದರ ಇರುತ್ತಂತೆ. ಬೇಗ ಹುಟ್ಟಿದ ಮಕ್ಕಳಿಗೆ ಅದು ಸಾಲದು. ಉಸಿರು ಬಿಟ್ಟಾಗಲೆಲ್ಲ ಒಳಗಿನ ಗಾಳಿಗೂಡುಗಳು ಹೊಸ ಪ್ಲಾಸ್ಟಿಕ್ ಚೀಲದ ಹಾಗೆ ಅಂಟಿಕೊಳ್ಳುತ್ತವೆ. ಆ ಕೊಬ್ಬೇ ಔಷಧಿಯಾಗಿ ಸೀಸೆಯಲ್ಲಿ ಬರುತ್ತದೆ. ಫ್ರಿಜ್ಜಿನಿಂದ ತೆಗೆದು, ಕುಲುಕದೆ, ಅಂಗೈಯಲ್ಲೇ ಹಿಡಿದು ಬೆಚ್ಚಗೆ ಮಾಡಬೇಕು. ಆಮೇಲೆ ಡಾಕ್ಟರು ಕೊಳವೆಯಲ್ಲಿ ಮಗುವಿನ ಶ್ವಾಸಕೋಶಕ್ಕೆ ಬಿಡುತ್ತಾರೆ.

ಮೊನ್ನೆ ಅದೇ ಅತ್ತೆ ಬಂದಳು. ಹೊಸ ಸೊಸೆಗೂ ದಿನ ತುಂಬದೆ ಹೆರಿಗೆಯಾಗಿತ್ತು, ಮಗು ಹಾಗೇ ನರಳುತ್ತಿತ್ತು. ಸುಳ್ಳು ಯಾಕೆ, ಮುದುಕಿಯ ಮುಖ ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಗು ಪಾಪ ಏನು ಮಾಡಿತ್ತು, ಅದು ಉಳೀಲಿ, ಇವಳು ಮಾತ್ರ ಬೇಯಲಿ ಅಂದುಕೊಂಡೆ.

ಒಳಗೆ ಡಾಕ್ಟರು ಕೊಳವೆ ಹಾಕುತ್ತಿದ್ದರು. ಅಕ್ಕ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಬಂದಳು. ಮುದುಕಿ ಗುರುತು ಹಿಡಿದು ಬಿಳಿಚಿಕೊಂಡಳು. ಹಳೇದೆಲ್ಲ ಮರೆತುಬಿಡು, ಬೇಗ ಔಷಧಿ ಕೊಡು ಅಂತ ಕೈ ಮುಗಿದಳು.

"ಇದು ಬೆಚ್ಚಗಾಗಬೇಕು ಅತ್ತೆ, ಅವಸರ ಮಾಡೋ ಹಾಗಿಲ್ಲ," ಅಂದಳು ಅಕ್ಕ. "ನನ್ನ ಮಗನೂ ಹೀಗೇ ನರಳಿದ್ದು. ಅವನಿಗೂ ಬೇಕಾಗಿದ್ದು ಇದೇ. ಆಗಲೂ ಈ ಆಸ್ಪತ್ರೆಯಲ್ಲಿ ಇದು ಇತ್ತು."

ಅಷ್ಟು ಹೇಳಿ ಒಳಗೆ ಹೋದಳು. ಔಷಧಿ ಕೊಳವೆಯಲ್ಲಿ ಇಳಿಯಿತು. ಸ್ವಲ್ಪ ಹೊತ್ತಿಗೆ ಮಗುವಿನ ನರಳಾಟ ನಿಂತು ಮೈಗೆ ಬಣ್ಣ ಬಂತು. ಜೊತೆಗೆ ಬಂದಿದ್ದ ಗಂಡಸರೆಲ್ಲ ಸಮಾಧಾನದಿಂದ ಕಾಫಿಗೆ ಹೋದರು, ಮುದುಕಿ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ಅಕ್ಕ ಡ್ಯೂಟಿ ಮುಗಿಸಿ ಹೊರಟಾಗ ಮುದುಕಿ ಅವಳ ಕೈ ಹಿಡಿದುಕೊಂಡಳು.

"ಅವತ್ತು ಕರ್ಕೊಂಡು ಬಂದಿದ್ರೆ ಅವನೂ ಬದುಕ್ತಿದ್ನಾ?"

ಖಂಡಿತ ಅಂತ ಯಾವ ಡಾಕ್ಟರೂ ಹೇಳೋಕಾಗಲ್ಲ. ಅದು ಅಕ್ಕನಿಗೆ ಚೆನ್ನಾಗಿ ಗೊತ್ತು.

"ಬದುಕ್ತಿದ್ದ," ಅಂದು ಅಕ್ಕ ಕೈ ಬಿಡಿಸಿಕೊಂಡಳು.